ಹುಣಸೆಯ ಎರಡನೇ ಬೀಜ

ದಿನಾ ಸಂಜೆ ಕಾಫಿ ಲೋಟ ಕೈಗೆ ಕೊಡುವಾಗ ಲೋಹಿತ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇವತ್ತು ಯಾವ ನಕ್ಷತ್ರ? ಮದುವೆಯಾದ ಹೊಸದರಿಂದಲೂ ಕೇಳಿಕೊಂಡು ಬಂದಿದ್ದ. ಬೇರೆ ಮನೆಗಳಲ್ಲಿ ಇವತ್ತು ಏನು ಸಾರು ಎಂದು ಕೇಳುವ ಹಾಗೆ ಅವರ ಮನೆಯಲ್ಲಿ ಇದು. ಸಿಂಚನಾ ಕಾಫಿ ಊದಿಕೊಂಡು ಕುಡಿಯುತ್ತ ಹೆಸರು ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ, ಅಲ್ಲಿಗೆ ಆ ದಿನದ ಸಂಸಾರ ಸುಖವಾಗಿ ಮುಗಿಯುತ್ತಿತ್ತು. ಈ ಪ್ರಶ್ನೆಯಲ್ಲಿ ಪ್ರೀತಿಯಲ್ಲದೆ ಬೇರೆ ಏನಾದರೂ ಇರಬಹುದೇ ಎಂದು ಅವಳಿಗೆ ಹೊಳೆದದ್ದು ಈ ವರ್ಷ. 

ಗಂಡ ಹೆಂಡತಿ ಇಬ್ಬರಿಗೂ ಕೆಲಸ ಒಂದೇ ಕಡೆ. ಮಧುಗಿರಿ ಊರಾಚೆ, ಪಾವಗಡದ ರಸ್ತೆಯಲ್ಲಿ, ಸುತ್ತ ಬೇಲಿ ಹಾಕಿದ ಬಿಳಿ ಕಟ್ಟಡ. ಆಟೋದವರ ಬಾಯಲ್ಲಿ ಅದು ದೊಡ್ಡಕಣ್ಣಿನ ಆಫೀಸು. ಕಣ್ಣು ಇರುವುದು ಮಾತ್ರ ಅಲ್ಲಿ ಅಲ್ಲ, ಲಡಾಖಿನ ಒಂದು ಬೋಳುಬೆಟ್ಟದ ನೆತ್ತಿಯಲ್ಲಿ. ಅಲ್ಲಿ ಗಾಳಿ ತೆಳು, ಮೋಡ ಅಪರೂಪ, ಆ ಚಳಿಯಲ್ಲಿ ಮನುಷ್ಯ ಹೆಚ್ಚು ದಿನ ನಿಲ್ಲಲಾರ. ಹಾಗಾಗಿ ದೂರದರ್ಶಕ ಅಲ್ಲಿ, ಅದನ್ನು ಆಡಿಸುವವರು ಇಲ್ಲಿ. ಆರು ಮೂಲೆಯ ಕನ್ನಡಿ ಬಿಲ್ಲೆಗಳನ್ನು ಜೇನುಗೂಡಿನ ಹಾಗೆ ಜೋಡಿಸಿ ಮಾಡಿದ ಒಂದೇ ಕನ್ನಡಿ, ಮದುವೆ ಛತ್ರದ ಊಟದ ಹಾಲ್‌ನಷ್ಟು ಅಗಲ. ಅದರ ಉಪಕರಣಗಳ ಎಂಜಿನಿಯರು ಲೋಹಿತ್. ಅದರಿಂದ ಬೇರೆ ಸೂರ್ಯರ ಸುತ್ತ ತಿರುಗುವ ಗ್ರಹಗಳನ್ನು ಹುಡುಕುವ ತಂಡದ ಮುಖ್ಯಸ್ಥೆ ಸಿಂಚನಾ.

ಹುಡುಕುವ ವಿದ್ಯೆ ಹೇಳಲು ಸುಲಭ. ನಮ್ಮ ತಲೆಯ ಮೇಲಿನ ಗಾಳಿ ಸದಾ ನಡುಗುತ್ತದೆ, ಅದರಿಂದ ನಕ್ಷತ್ರ ಮಿನುಗುತ್ತದೆ. ಮಿನುಗು ಕವಿಗಳಿಗೆ ಚೆನ್ನ, ದೂರದರ್ಶಕದವರಿಗೆ ತಲೆನೋವು. ಅದಕ್ಕೇ ಬೆಟ್ಟದ ಮೇಲಿಂದ ಒಂದು ಲೇಸರ್ ಕಿರಣ ಹಾರಿಸಿ ಆಕಾಶದಲ್ಲಿ ತಮ್ಮದೇ ಒಂದು ಕೃತಕ ನಕ್ಷತ್ರ ಹೊತ್ತಿಸುತ್ತಾರೆ. ಅದು ಎತ್ತ ನಡುಗಿತು ಎಂದು ಅಳೆದು, ಹಾಳೆಯಂಥ ತೆಳು ಕನ್ನಡಿಯೊಂದನ್ನು ಅದಕ್ಕೆ ವಿರುದ್ಧವಾಗಿ ಬಾಗಿಸುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಆ ಕನ್ನಡಿ ನೂರಾರು ಸಲ ಬಾಗಿ ನೆಟ್ಟಗಾಗಿರುತ್ತದೆ. ನಡುಕ ಹೋಯಿತು. ಇನ್ನು ಬಿಸಿಲಿಗೆ ಕೈ ಅಡ್ಡ ಹಿಡಿದು ದೂರದವರನ್ನು ನೋಡುವಂತೆ ನಕ್ಷತ್ರದ ಬೆಳಕಿಗೆ ಒಂದು ಕರಿ ಚುಕ್ಕೆ ಅಡ್ಡ ಇಟ್ಟರೆ, ಪಕ್ಕದಲ್ಲಿ ಎಲ್ಲೋ ಪುಡಿಯಷ್ಟು ಬೆಳಕು ಉಳಿಯುತ್ತದೆ. ಅದು ಗ್ರಹ. ಅಥವಾ ಗ್ರಹದ ವೇಷದಲ್ಲಿರುವ ಇನ್ನೇನೋ.

ಆ ವೇಷಕ್ಕೆ ಈ ಕಟ್ಟಡ ಒಮ್ಮೆ ಬೇಸ್ತು ಬಿದ್ದಿತ್ತು. ಒಂದು ಗ್ರಹದಲ್ಲಿ ನೀರಾವಿ ಕಂಡಿತೆಂದು ಸುದ್ದಿಗೋಷ್ಠಿ ಕರೆದು ಹೇಳಿದ ಮೇಲೆ, ಗುಮ್ಮಟದೊಳಗೆ ಯಾರೋ ಆರಿಸಲು ಮರೆತ ಪುಟ್ಟ ದೀಪವೊಂದು ಕನ್ನಡಿಯಿಂದ ಕನ್ನಡಿಗೆ ಹಾರಿ ಗ್ರಹವಾಗಿತ್ತೆಂದು ಗೊತ್ತಾಯಿತು. ದೇಶಕ್ಕೆ ದೇಶವೇ ನಕ್ಕಿತು. ಆಮೇಲೆ ನಿರ್ದೇಶಕಿಯಾಗಿ ಬಂದ ರೇಗೊ ಮೇಡಂ ಮಂಗಳೂರಿನವರು, ಲೆಕ್ಕಾಚಾರದ ಹೆಂಗಸು. ಅವರು ಬಂದ ವರ್ಷವೇ ಬೆರಕೆ ಪದ್ಧತಿ ಶುರುವಾಯಿತು. ಆಕಾಶ ನೋಡುವ ಪ್ರತಿ ಸೀಸನ್ನಿಗೆ ಒಂದು ಸಲವಾದರೂ, ಗುಟ್ಟಿನ ಚೀಟಿ ಯಾರಿಗೆ ಬಂತೋ ಅವರು, ಯಾರಿಗೂ ಹೇಳದೆ, ಉಪಕರಣದೊಳಗೆ ಒಂದು ಸುಳ್ಳು ಗ್ರಹ ಬೆರೆಸಬೇಕು. ಅದಕ್ಕೆಂದೇ ಒಳಗೊಂದು ಸಣ್ಣ ದೀಪವಿದೆ. ಅದರ ಬಣ್ಣ, ಕಾಂತಿ, ಜಾಗ ಎಲ್ಲವನ್ನೂ ಇಲ್ಲಿಂದಲೇ ಹೊಂದಿಸಬಹುದು, ಅಸಲಿ ಗ್ರಹಕ್ಕೂ ಅದಕ್ಕೂ ತೆರೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಇರದು. ತಂಡ ಅದನ್ನು ಕಂಡುಹಿಡಿಯುತ್ತದೆಯೇ, ಸರಿಯಾಗಿ ಅಳೆಯುತ್ತದೆಯೇ ಎಂಬುದು ಪರೀಕ್ಷೆ. ಪ್ರಬಂಧ ಬರೆದು, ಎಲ್ಲರೂ ಸಹಿ ಹಾಕಿ, ಸಭೆಯಲ್ಲಿ ಕೂತ ಮೇಲೆ ಬೆರಕೆದಾರ ಎದ್ದು ನಿಂತು ಹೇಳಬೇಕು, ಇದು ನನ್ನದು, ಅಥವಾ ಇದು ನನ್ನದಲ್ಲ ಎಂದು. ಎಲ್ಲಿಯೂ ಬರೆದಿಡುವಂತಿಲ್ಲ, ಯಂತ್ರದಲ್ಲೂ ಗುರುತು ಉಳಿಯುವುದಿಲ್ಲ. ಬರೆದಿಟ್ಟರೆ ಯಾರಾದರೂ ಇಣುಕುತ್ತಾರೆ ಎಂದು ಮೇಡಂ ವಾದ. ಬೆರಕೆದಾರ ಯಾರೆಂದು ಪತ್ತೆ ಮಾಡಲು ಹೋದವರು ತಮ್ಮ ಸ್ಥಾನ ಬಿಡಬೇಕು.

ಪದ್ಧತಿ ಒಳ್ಳೆಯದೇ. ಆದರೆ ಮನುಷ್ಯರು ಒಳಗೊಳಗೇ ಕೆಡುತ್ತಾ ಹೋದರು. ಕ್ಯಾಂಟೀನಿನಲ್ಲಿ ಸಾಂಬಾರು ರುಚಿಯಾಗಿದ್ದರೆ ಬೆರಕೆಯೋ ಎನ್ನುವುದು ಮೊದಮೊದಲು ತಮಾಷೆಯಾಗಿತ್ತು. ಬರಬರುತ್ತ ಯಾರಾದರೂ ಮಗಳು ಮೆಡಿಕಲ್ ಸೀಟು ಪಡೆದಳು ಎಂದರೂ ಎದುರಿನವರ ಮುಖದಲ್ಲಿ ಒಂದು ಕ್ಷಣ ಅದೇ ಪ್ರಶ್ನೆ ಹಾದು ಹೋಗುತ್ತಿತ್ತು. ಖುಷಿಪಡುವ ಮೊದಲು ತಡೆದುಕೊಳ್ಳುವುದು ಎಲ್ಲರಿಗೂ ಚಾಳಿಯಾಯಿತು.

ಸಿಂಚನಾಳಿಗಂತೂ ಗಾಯವೇ ಆಗಿತ್ತು. ಎರಡು ಸೀಸನ್ನಿನ ಹಿಂದೆ ಅವಳ ತಂಡ ಚೆಂದದ ಗ್ರಹವೊಂದನ್ನು ಹಿಡಿದಿತ್ತು. ತಿಂಗಳುಗಟ್ಟಲೆ ಊಟ ನಿದ್ದೆ ಬಿಟ್ಟು ಅಳೆದರು, ಬರೆದರು. ಸಭೆಯಲ್ಲಿ ಮೂಲೆಯಿಂದ ಲೆಕ್ಕಪತ್ರ ವಿಭಾಗದ ಒಬ್ಬ ಮೆತ್ತಗಿನ ಮನುಷ್ಯ ಎದ್ದು, ಅದು ನಾನು ಹಾಕಿದ್ದು ಮೇಡಂ ಎಂದ. ಪರೀಕ್ಷೆಯಲ್ಲಿ ಪಾಸಾದರಲ್ಲ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿ, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಇನ್ನೊಂದು ಸಲ ಅಂಥದ್ದನ್ನು ತಾಳಿಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈ ಸೀಸನ್ನಿನಲ್ಲಿ ಕಂಡದ್ದು ಹುಣಸೆಯ ಬೀಜ. ನಕ್ಷತ್ರಗಳ ಅಧಿಕೃತ ಹೆಸರೆಂದರೆ ಉದ್ದುದ್ದ ಅಂಕಿಗಳು, ನಾಲಿಗೆ ಹೊರಳುವುದಿಲ್ಲ. ಹಾಗಾಗಿ ತಂಡದವರು ಮರಗಳ ಹೆಸರಿಟ್ಟಿದ್ದರು. ಹುಣಸೆ, ಹೊಂಗೆ, ಬೇವು, ಅತ್ತಿ. ಪಕ್ಕದಲ್ಲಿ ಏನಾದರೂ ಕಂಡರೆ ಅದು ಬೀಜ. ಹುಣಸೆಯ ಪಕ್ಕದಲ್ಲಿ ಕಂಡ ಬೀಜದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಕೆಂಪಿನ ತುದಿಯಲ್ಲಿ ಒಂದು ಕಪ್ಪು ಪಟ್ಟಿ ಇತ್ತು. ಆಮ್ಲಜನಕದ ಗುರುತು. ಆಮ್ಲಜನಕ ತನ್ನಷ್ಟಕ್ಕೆ ಬಿಟ್ಟರೆ ಕಲ್ಲಿಗೋ ಕಬ್ಬಿಣಕ್ಕೋ ಅಂಟಿ ಮುಗಿದುಹೋಗುವ ವಸ್ತು. ಗಾಳಿಯಲ್ಲಿ ಅಷ್ಟು ಉಳಿದಿದೆ ಎಂದರೆ ಅಲ್ಲಿ ಏನೋ ಒಂದು ಅದನ್ನು ದಿನಾ ಹೊಸದಾಗಿ ಉಸಿರುತ್ತಿದೆ ಎಂದರ್ಥ. ಹುಲ್ಲಿನಂಥದ್ದು, ಪಾಚಿಯಂಥದ್ದು. ಮನುಷ್ಯ ಆಕಾಶ ನೋಡಲು ಕಲಿತಾಗಿನಿಂದ ಕಾಯುತ್ತಿದ್ದ ಸುದ್ದಿ ಇದು. ನಿಜವಾಗಿದ್ದರೆ.

ನಿಜವೋ ಅಲ್ಲವೋ ಎಂದು ಅವಳ ತಲೆ ಕೊರೆಯತೊಡಗಿತು. ಬೆರೆಸುವ ದೀಪಕ್ಕೆ ನಕ್ಷತ್ರದ ಗುರುತಿಲ್ಲ, ಹೊತ್ತಿಸಿದಾಗ ದೂರದರ್ಶಕ ಯಾವುದನ್ನು ನೋಡುತ್ತಿರುತ್ತದೋ ಅದರ ಪಕ್ಕದಲ್ಲಿ ಬೀಜ ಕಾಣುತ್ತದೆ. ಈ ಬೀಜವೋ, ಕಂಡಾಗಲೆಲ್ಲ ಹುಣಸೆಯ ಪಕ್ಕದಲ್ಲೇ, ಅದೇ ಜಾಗದಲ್ಲಿ. ಬೇವಿನ ಹತ್ತಿರ, ಅತ್ತಿಯ ಹತ್ತಿರ ಒಮ್ಮೆಯೂ ಇಲ್ಲ. ಅಸಲಿಯಾದರೆ ಸರಿಯೇ. ಬೆರಕೆಯಾದರೆ, ಇವತ್ತು ಹುಣಸೆ ಎಂದು ಮೊದಲೇ ಗೊತ್ತಿದ್ದವರು ಹಾಕಿರಬೇಕು. ಅದು ಯಾರಿಗೆ ಗೊತ್ತು? ಬೆಟ್ಟದ ಮೇಲಿನ ಗಾಳಿ ನೋಡಿಕೊಂಡು ಯಾವ ನಕ್ಷತ್ರ ಎಂದು ಸಂಜೆ ತೀರ್ಮಾನಿಸುವವಳು ಅವಳೇ, ಕಂಟ್ರೋಲ್ ರೂಮಿಗೆ ಹೋಗಿ ಕೂರುವ ತನಕ ಅದು ಅವಳ ತಲೆಯಲ್ಲೇ ಇರುತ್ತದೆ. ಆ ರೂಮಿನ ತೆರೆಗಳು ಲ್ಯಾಬಿನವರಿಗೂ ಕಾಣುವುದಿಲ್ಲ. ಅಲ್ಲಿ ದೂರದರ್ಶಕ ತಿರುಗಿಸುವ ಇಮ್ತಿಯಾಜ್‌ಗೆ ಗೊತ್ತಾಗುತ್ತದೆ, ಆದರೆ ಅವನ ಎರಡು ಕೈಯೂ ಅವಳ ಕಣ್ಣೆದುರಿಗೇ ಇರುತ್ತವೆ. ರೇಗೊ ಮೇಡಂ ತಿಂಗಳಲ್ಲಿ ಮುಕ್ಕಾಲು ಪಾಲು ದಿಲ್ಲಿಯಲ್ಲಿ. ಉಳಿದವನು ಕಾಫಿ ಕೊಡುವವನು.

ಒಮ್ಮೆ ಅನುಮಾನ ಬಂದ ಮೇಲೆ ಎಲ್ಲವೂ ಅದಕ್ಕೆ ತಾಳೆಯಾಗತೊಡಗಿತು. ಅವಳು ಮನೆ ಬಿಟ್ಟ ಮೇಲೆ ಲೋಹಿತ್ ಕೂಡ ಲ್ಯಾಬಿನ ಕಡೆ ಹೋಗುತ್ತಿದ್ದ, ಏನೋ ಅಳತೆ ಉಳಿದಿದೆ ಎನ್ನುತ್ತಿದ್ದ. ಆಮ್ಲಜನಕದ ಪಟ್ಟಿ ಕಂಡಿತು ಎಂದು ಹೇಳಿದ ದಿನ ಅವನು ಕುಣಿಯಲಿಲ್ಲ. ಒಂದು ಗಳಿಗೆ ಅವಳನ್ನೇ ನೋಡಿ, ಎಷ್ಟು ಕಪ್ಪಗಿದೆ ಎಂದು ಕೇಳಿದ. ಹೆಂಡತಿ ಬೇರೆ ಲೋಕದಲ್ಲಿ ಹುಲ್ಲು ಕಂಡೆ ಎಂದರೆ ಗಂಡನಾದವನು ಕೇಳುವ ಮಾತೇ ಅದು? ಉಪಕರಣದ ಎಂಜಿನಿಯರು ಬೇರೆ ಏನು ಕೇಳಬೇಕಿತ್ತು ಎಂದು ಅವಳೇ ತನಗೆ ಬುದ್ಧಿ ಹೇಳಿಕೊಂಡಳು, ಬುದ್ಧಿ ಒಂದು ದಿನಕ್ಕಿಂತ ಹೆಚ್ಚು ನಿಲ್ಲಲಿಲ್ಲ.

ಮಗ ಗುಟ್ಟು ಇಟ್ಟುಕೊಳ್ಳುವವನೇ ಎಂದು ಅತ್ತೆ ಭಾಗ್ಯಮ್ಮನನ್ನು ಸುತ್ತಿ ಬಳಸಿ ಕೇಳಿದಳು. ಅವರು ಅವರೆಕಾಯಿ ಬಿಡಿಸುತ್ತ, ಸಣ್ಣವನಿದ್ದಾಗ ಡಬ್ಬಿ ಬೆಲ್ಲ ಖಾಲಿ ಮಾಡಿ, ಇರುವೆ ತಿಂದಿರಬೇಕು ಅಂತ ನನಗೇ ಸಮಾಧಾನ ಹೇಳ್ತಿದ್ದ ಕಣಮ್ಮ, ಮುಖ ನೋಡಿದರೆ ದೇವರು ಎಂದು ನಕ್ಕರು. ಅತ್ತೆ ನಕ್ಕದ್ದು ಅವಳಿಗೆ ನಗುವಾಗಿ ಕೇಳಿಸಲಿಲ್ಲ.

ನೇರವಾಗಿ ಕೇಳುವಂತಿರಲಿಲ್ಲ. ಕೇಳಿದರೆ ನಿಯಮ ಮುರಿದಂತೆ, ಅವನು ಹೇಳಿದರೆ ಅವನೂ ಮುರಿದಂತೆ. ಹೇಳಿದರೂ ನಂಬುವುದು ಹೇಗೆ? ಇತ್ತ ಹುಣಸೆ ದಿನದಿನಕ್ಕೆ ಪಡುವಣಕ್ಕೆ ಇಳಿಯುತ್ತಿತ್ತು. ಸೂರ್ಯನ ಬೆನ್ನಹಿಂದೆ ಸರಿದು ಹೋದರೆ ಮತ್ತೆ ಕಾಣುವುದು ತಿಂಗಳುಗಳ ಮೇಲೆ, ಅದೂ ಮೊದಲು ಸಿಗುವುದು ಭೂಮಿಯ ದಕ್ಷಿಣದಲ್ಲಿರುವ ಬೇರೆ ದೇಶದವರ ದೊಡ್ಡ ದೂರದರ್ಶಕಕ್ಕೆ. ಅಷ್ಟರೊಳಗೆ ತಂಡ ಹೌದು ಎಂದು ಸಹಿ ಹಾಕಬೇಕು, ಇಲ್ಲ ಕೈಬಿಡಬೇಕು. ಮುಖ್ಯಸ್ಥೆಯ ಸಹಿ ಮೊದಲು. ಗಂಡನ ಸುಳ್ಳಿಗೆ ತಾನು ಸಹಿ ಹಾಕುವುದು, ಅವನು ಸಭೆಯಲ್ಲಿ ಎದ್ದು ನಿಲ್ಲುವುದು, ಎಲ್ಲರೂ ಚಪ್ಪಾಳೆ ತಟ್ಟುವುದು, ಈ ದೃಶ್ಯ ಅವಳಿಗೆ ತರಕಾರಿ ಹೆಚ್ಚುವಾಗಲೂ ಕಾಣುತ್ತಿತ್ತು.

ಕೊನೆಗೆ ಅವಳು ಒಂದು ಉಪಾಯ ಮಾಡಿದಳು. ವಿಜ್ಞಾನಿ ಮಾಡುವಂಥ ಉಪಾಯವೇ, ಹೆಂಡತಿ ಮಾಡಬಾರದಿತ್ತು.

ಹುಣಸೆಯ ಪಕ್ಕದಲ್ಲೇ ಹೊಂಗೆ ಇದೆ. ಎರಡೂ ಆಕಾಶದ ಒಂದೇ ಮೂಲೆಯವು, ಸಂಜೆ ಒಟ್ಟಿಗೇ ಮುಳುಗುತ್ತವೆ. ಹೊಂಗೆಯನ್ನೂ ತಂಡ ಆಗಾಗ ನೋಡುತ್ತಿತ್ತು, ಏನೂ ಕಂಡಿರಲಿಲ್ಲ. ಹೊಂಗೆ ಎಂದು ಅವನಿಗೆ ಹೇಳಿ ಹುಣಸೆಯನ್ನು ನೋಡಿದರೆ? ಅವನೇ ಬೆರಕೆದಾರನಾಗಿದ್ದರೆ ಹುಣಸೆಯ ಬೀಜವನ್ನು ಹೊತ್ತಿಸಲು ಹೋಗುವುದಿಲ್ಲ, ಹೊಂಗೆಗೆ ಆ ಬೀಜ ಇಲ್ಲವಲ್ಲ. ಬೀಜ ಕಾಣದಿದ್ದರೆ ಅದು ಗಂಡನದು, ಕಂಡರೆ ದೇವರದು. ಹೀಗೆ ಅವಳ ಲೆಕ್ಕ.

ಆ ಸಂಜೆ ಅವನು ಕಾಫಿ ತಂದುಕೊಟ್ಟ. "ಏನ್ ಸಿಂಚು, ಇವತ್ತು ಯಾವ ನಕ್ಷತ್ರ?"

"ಹೊಂಗೆ," ಎಂದಳು.

"ಹುಣಸೆ ಬಿಟ್ಬಿಟ್ರಾ?"

"ಸಾಕಾಯ್ತು ಕಣ್ರೀ. ಎಷ್ಟು ಅಂತ ಅದನ್ನೇ ನೋಡೋದು."

ಅವನು ಎಂದಿನಂತೆ ತಲೆಯಾಡಿಸಿದ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. ಅವನ ಎದುರು ಸಣ್ಣಪುಟ್ಟ ಸುಳ್ಳು ಹೇಳಿದ್ದುಂಟು, ಸೀರೆಯ ಬೆಲೆ, ತವರಿನವರ ಮಾತು, ಅಂಥವು. ಈ ಪ್ರಶ್ನೆಗೆ ಮಾತ್ರ ಎಂದೂ ಹೇಳಿರಲಿಲ್ಲ. ಲೋಟ ತೊಳೆದಿಟ್ಟು ಬೇಗ ಬೇಗ ಚಪ್ಪಲಿ ಮೆಟ್ಟಿ ಹೊರಟಳು.

ಕಂಟ್ರೋಲ್ ರೂಮಿನಲ್ಲಿ ಗೋಡೆ ತುಂಬ ತೆರೆಗಳು. ಒಂದರಲ್ಲಿ ಬೆಟ್ಟದ ಮೇಲಿನ ಗುಮ್ಮಟ ಬಾಯಿ ತೆರೆಯುತ್ತಿತ್ತು, ಪಡುವಣದಲ್ಲಿ ಇನ್ನೂ ಕೆಂಪು ಆರಿರಲಿಲ್ಲ. ಹುಣಸೆಗೇ ತಿರುಗಿಸಿ ಎಂದಾಗ ಇಮ್ತಿಯಾಜ್ ಏನೂ ಕೇಳದೆ ತಿರುಗಿಸಿದ, ಅವನಿಗೆ ಅದು ಎಂದಿನ ಕೆಲಸ. ಲೇಸರ್ ಹೊತ್ತಿತು. ತೆಳು ಕನ್ನಡಿ ನಡುಗಿ ನಡುಗಿ ಹುಣಸೆಯ ಮಿನುಗನ್ನು ಹಿಡಿದು ನಿಲ್ಲಿಸಿತು. ಕರಿ ಚುಕ್ಕೆ ಬಂದು ಕೂತಿತು. ಬೆಳಕು ಕೂಡುತ್ತ ಕೂಡುತ್ತ ಬೀಜ ಮೂಡಿತು, ಅದೇ ಜಾಗದಲ್ಲಿ, ಅದೇ ಕಾಂತಿಯಲ್ಲಿ. ಸಿಂಚನಾಳ ಕಣ್ಣು ತುಂಬಿ ಬಂತು. ಅಸಲಿ. ಎಲ್ಲೋ ದೂರದಲ್ಲಿ ನಿಜವಾಗಿಯೂ ಏನೋ ಉಸಿರಾಡುತ್ತಿದೆ, ತನ್ನ ಗಂಡ ತನಗೆ ಮೋಸ ಮಾಡಿಲ್ಲ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಖುಷಿಯಾಯಿತೆಂದು ಕೇಳಿದ್ದರೆ ಆಗ ಅವಳಿಗೆ ಹೇಳಲಾಗುತ್ತಿರಲಿಲ್ಲ.

"ಮೇಡಂ, ಇದೇನಿದು?" ಇಮ್ತಿಯಾಜ್ ತೆರೆಯ ಇನ್ನೊಂದು ಮೂಲೆಗೆ ಬೆರಳು ಮಾಡಿದ. "ಇನ್ನೊಂದು ಬರ್ತಾ ಇದೆ."

ಕರಿ ಚುಕ್ಕೆಯ ಆಚೆ ಬದಿಯಲ್ಲಿ, ಮೊದಲನೆಯದಕ್ಕಿಂತ ಮಂಕಾಗಿ, ಎರಡನೇ ಬೀಜ.

ಅವಳಿಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಯಿತು. ಬೆರಕೆದಾರ ಅವನೇ. ಹುಣಸೆಗೆ ಅವನು ಎಂದೂ ಕೈ ಹಾಕಿರಲಿಲ್ಲ. ಇವತ್ತು, ಹೊಂಗೆ ಎಂದು ಅವಳು ಹೇಳಿದ ದಿನ, ಹೊಂಗೆಗೆಂದು ತನ್ನ ಸುಳ್ಳು ಬೀಜ ಹೊತ್ತಿಸಿದ್ದ. ಅದು ಹುಣಸೆಯ ಪಕ್ಕಕ್ಕೆ ಬಂದು ಬಿದ್ದಿತ್ತು. ಹೊತ್ತು ಕಳೆದಂತೆ ಆಕಾಶ ತಿರುಗಿದ ಹಾಗೆ ಅಸಲಿ ಬೀಜವೂ ತೆರೆಯ ಮೇಲೆ ಜಾಗ ಬದಲಿಸುತ್ತದೆ. ಎರಡೂ ನಕ್ಷತ್ರ ಒಂದೇ ಮೂಲೆಯವಾದ್ದರಿಂದ ಹೊಂಗೆಗೆಂದು ಹೊಂದಿಸಿದ ದೀಪವೂ ಸರಿಯಾಗಿಯೇ ತಿರುಗುತ್ತಿತ್ತು, ಯಾವ ಪರೀಕ್ಷೆಗೂ ಸಿಕ್ಕಿಬೀಳುವಂತಿರಲಿಲ್ಲ. ಚೆನ್ನಾಗಿದೆ, ಉಳಿಸಿಕೊಳ್ಳಿ ಎಂದಷ್ಟೇ ಅವಳು ಇಮ್ತಿಯಾಜ್‌ಗೆ ಹೇಳಿದಳು.

ಮನೆಗೆ ಬಂದಾಗ ಲೋಹಿತ್ ಅಮ್ಮನ ಜೊತೆ ಟಿವಿ ನೋಡುತ್ತ ಕೂತಿದ್ದ. ಬಹಳ ದಿನಗಳ ಮೇಲೆ ಅವನ ಮುಖ ಹಗುರವಾಗಿತ್ತು. ಮಾಡಲು ಮನಸ್ಸಿಲ್ಲದ ಕೆಲಸವೊಂದನ್ನು ಸೀಸನ್ ಪೂರ್ತಿ ಮುಂದೂಡಿ, ಕೊನೆಗೆ ಮುಗಿಸಿ ಬಂದವನ ಮುಖ ಅದು ಎಂದು ಅವಳಿಗೆ ಈಗ ತಿಳಿಯುತ್ತಿತ್ತು. ಅವಳ ಹುಣಸೆಯನ್ನು ಮುಟ್ಟಬಾರದೆಂದೇ ಅವನು ಕಾದಿದ್ದ. ಅವಳು ಹುಣಸೆ ಬಿಟ್ಟೆವು ಎಂದ ಮೇಲೆಯೇ ದೀಪ ಹೊತ್ತಿಸಿದ್ದ. ಅವಳು ಪಕ್ಕದಲ್ಲಿ ಕೂತು ಟಿವಿಯ ಕಡೆ ತಿರುಗಿದಳು. ಹೇಳುವುದೆಂದರೆ ನಿಮ್ಮ ಮೇಲೆ ಬಲೆ ಬೀಸಿದ್ದೆ ಎಂದು ಹೇಳಬೇಕಿತ್ತು.

ತಂಡದಲ್ಲಿ ಹಬ್ಬ ಶುರುವಾಯಿತು. ಹುಣಸೆಗೆ ಎರಡು ಬೀಜ. ಎರಡನೆಯದು ಒಂದೇ ಸಂಜೆ ಕಂಡಿದೆಯಲ್ಲ ಎಂದು ಅವಳು ಅಡ್ಡ ಬಂದರೆ, ಹುಡುಗರು ಹಳೆಯ ಚಿತ್ರಗಳನ್ನೆಲ್ಲ ತೆಗೆದು ಕೂತು, ಇಲ್ನೋಡಿ ಮೇಡಂ, ಮಂಕಾಗಿ ಆಗಲೂ ಇತ್ತು, ನಾವೇ ಗಮನಿಸಿರಲಿಲ್ಲ ಎಂದು ತೋರಿಸಿದರು. ಇರಲಾರದ್ದು ಅವರಿಗೆ ಕಾಣುತ್ತಿತ್ತು. ಪ್ರಬಂಧದಲ್ಲಿ ಒಂದನ್ನಷ್ಟೇ ಇಡೋಣ ಎಂದು ಅವಳು ಪಟ್ಟು ಹಿಡಿದಾಗ ಕ್ಯಾಂಟೀನಿನಲ್ಲಿ ಗುಸುಗುಸು ಎದ್ದಿತು, ಎರಡನೆಯದರ ಮೇಲೆ ಇವರಿಗೇಕೆ ಇಷ್ಟು ಅನುಮಾನ, ಈ ಸಲ ಬೆರಕೆದಾರರು ಇವರೇ ಇರಬೇಕು ಎಂದು. ಅವಳು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಕೊನೆಗೆ ಎರಡೂ ಬೀಜಗಳಿದ್ದ ಪ್ರಬಂಧಕ್ಕೆ ಅವಳು ಸಹಿ ಹಾಕಿದಳು. ಸಭೆಯಲ್ಲಿ ಹೇಗೂ ಅವನೇ ಎದ್ದು ಹೇಳುತ್ತಾನೆ ಎಂದು ಸಮಾಧಾನ ಮಾಡಿಕೊಂಡಳು.

ಆ ಸಮಾಧಾನ ಎಂಥ ಪೊಳ್ಳು ಎಂದು ಗೊತ್ತಾಗಿದ್ದು ಆಮೇಲೆ, ಬಟ್ಟೆ ಒಣಹಾಕುವಾಗ. ಅವನು ಏನೆಂದು ಹೇಳುತ್ತಾನೆ? ಹೊಂಗೆಗೆ ಹಾಕಿದೆ ಎನ್ನುತ್ತಾನೆ, ಅವನಿಗೆ ಗೊತ್ತಿರುವುದು ಅಷ್ಟೇ. ಹೊಂಗೆಯಲ್ಲಿ ಯಾರಿಗೂ ಏನೂ ಕಂಡಿಲ್ಲ. ಹುಣಸೆಯ ಎರಡೂ ಬೀಜ ಅಸಲಿ ಎಂದು ಅವತ್ತೇ ಮುದ್ರೆ ಬೀಳುತ್ತದೆ. ಸುಳ್ಳು ಹಿಡಿಯಲೆಂದು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಪದ್ಧತಿಯೇ ಒಂದು ಸುಳ್ಳಿಗೆ ಸಾಕ್ಷಿ ಹೇಳುತ್ತದೆ. ಇದನ್ನು ತಡೆಯಬಲ್ಲವಳು ಲೋಕದಲ್ಲಿ ಅವಳೊಬ್ಬಳೇ. ಹಿಂಡಿದ್ದ ಟವೆಲ್ಲನ್ನೇ ಅವಳು ಮತ್ತೆ ಹಿಂಡಿದಳು.

ಸಭೆ ನಡೆದದ್ದು ಬೆಳಗ್ಗೆ, ಉಪ್ಪಿಟ್ಟು ಕಾಫಿ ಮುಗಿದ ಮೇಲೆ. ಕಟ್ಟಡದ ಜನವೆಲ್ಲ ಹಾಲ್‌ನಲ್ಲಿ ಕೂತಿದ್ದರು, ಕ್ಯಾಂಟೀನಿನವರು ಬಾಗಿಲಲ್ಲಿ. ಪ್ರಬಂಧ ಓದಿದ್ದಾಯಿತು. ರೇಗೊ ಮೇಡಂ ಕನ್ನಡಕ ತೆಗೆದು, ಇನ್ನು ನಮ್ಮ ಕಳ್ಳರು ಎದ್ದು ನಿಲ್ಲಬಹುದು ಎಂದರು. ಎಲ್ಲರ ಕಣ್ಣೂ ಸಿಂಚನಾಳ ಮೇಲೆ ಹೋಯಿತು. ಅವಳ ಪಕ್ಕದ ಕುರ್ಚಿಯಿಂದ ಲೋಹಿತ್ ಎದ್ದು ನಿಂತ.

"ಬೆರಕೆದಾರ ನಾನೇ," ಎಂದ. "ಹುಣಸೆಗೆ ನಾನು ಏನೂ ಹಾಕಿಲ್ಲ. ಸೀಸನ್ ಕೊನೇಲಿ ಹೊಂಗೆಗೆ ಒಂದು ಹಾಕಿದ್ದೆ. ಅದು ಯಾರಿಗೂ ಸಿಗ್ಲಿಲ್ಲ." ಹೆಂಡತಿಯ ಕಡೆ ಬಾಗಿ, ಎಲ್ಲರಿಗೂ ಕೇಳಿಸುವಂತೆಯೇ, "ಎರಡೂ ನಿಮ್ಮವೇ ಸಿಂಚು. ಅಸಲಿ," ಎಂದ.

ಹಾಲ್ ಎದ್ದು ನಿಂತಿತು. ಹುಡುಗರು ತಬ್ಬಿಕೊಂಡರು, ಇಮ್ತಿಯಾಜ್ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಲೋಹಿತ್ ಅವಳನ್ನೇ ನೋಡುತ್ತ ನಗುತ್ತಿದ್ದ. ಸೀಸನ್ ಪೂರ್ತಿ ಹೇಳಲಾಗದೆ ಬಚ್ಚಿಟ್ಟುಕೊಂಡಿದ್ದ ಸಂತೋಷ ಅವನ ಮುಖದಲ್ಲಿತ್ತು. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ಗ್ರಹ, ಒಬ್ಬ ಒಳ್ಳೆಯ ಗಂಡ, ಯಾವುದೂ ಹೋಗುವುದಿಲ್ಲ. ಸಿಂಚನಾಳಿಗೆ ಆ ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಹಳ ಆಯಿತು. ಚಪ್ಪಾಳೆ ನಿಲ್ಲುವ ತನಕ ಕಾದು ಅವಳು ಎದ್ದಳು.

"ಎರಡನೇದು ಅಸಲಿ ಅಲ್ಲ," ಎಂದಳು. "ಅದೇ ಲೋಹಿತ್ ಹಾಕಿದ್ದು. ಅವರು ಹೊಂಗೆಗೆ ಅಂದ್ಕೊಂಡು ಹಾಕಿದ್ರು. ಅವತ್ತು ನಾವು ನೋಡ್ತಿದ್ದದ್ದು ಹುಣಸೆ. ಹೊಂಗೆ ಅಂತ ಅವರಿಗೆ ನಾನು ಸುಳ್ಳು ಹೇಳಿದ್ದೆ."

ಇದು ಸಭೆಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಲೋಹಿತ್‌ಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ಅವನ ನಗು ತಕ್ಷಣ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಖದಲ್ಲೇ ನಿಂತಿತ್ತು.

"ಕಾಫಿ ಕುಡೀತಾ ಹೇಳಿದ್ದಲ್ಲ, ಅವತ್ತಾ?" ಎಂದು ಕೇಳಿದ.

"ಹೌದು."

"ನಾನೇ ಅಂತ ಅನುಮಾನ ಇತ್ತಾ?"

"ಇತ್ತು ಕಣ್ರೀ."

ಅವನು ಸರಿ ಎಂದು ಕೂತುಕೊಂಡ.

ರೇಗೊ ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, ಬೆರಕೆದಾರನ ಬೆನ್ನು ಹತ್ತಿದ್ದಕ್ಕೆ ಸಿಂಚನಾ ಮುಖ್ಯಸ್ಥೆಯ ಸ್ಥಾನ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ ಎಂದರು. ಎರಡನೇ ಬೀಜ ತೆಗೆದುಹಾಕಿದ್ದಾಯಿತು. ಮೊದಲನೆಯದರ ಮಾತು ಬಂದಾಗ ಅವರ ದನಿ ಬದಲಾಯಿತು. "ಒಂದು ಯೋಚನೆ ಮಾಡಿ ಮಾರಾಯ್ತಿ. ನಿಮ್ಮ ಯಜಮಾನರು ಹೊಂಗೆ ಅಂತ ನಂಬಿದ ಸಂಜೆಯೂ ಹುಣಸೆಯ ಬೀಜ ಅಲ್ಲೇ ಇತ್ತಲ್ಲ. ಅವರು ಬರೀ ಬಾಯಲ್ಲಿ ನಾನು ಹಾಕಲಿಲ್ಲ ಅಂದರೆ ಹೊರಗಿನವರು ನಂಬ್ತಿದ್ರೋ ಇಲ್ವೋ. ಈಗ ನಂಬಲೇಬೇಕು. ನ್ಯಾಯವಾಗಿ ಮಾಡಿದ ಅಳತೆ ಎಷ್ಟಿದ್ದರೂ ಇಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ಇದನ್ನ ಪ್ರಬಂಧದಲ್ಲಿ ಬರೀಬೇಕಾಗ್ತದೆ."

ಬರೆದರು. ಹುಣಸೆಯ ಗ್ರಹದಲ್ಲಿ ಆಮ್ಲಜನಕ ಇದೆ ಎಂಬ ಪ್ರಬಂಧದಲ್ಲಿ, ಸಾಕ್ಷಿಗಳ ಭಾಗದಲ್ಲಿ, ವೀಕ್ಷಕಿ ತನ್ನ ಪತಿಗೆ ಉದ್ದೇಶಪೂರ್ವಕವಾಗಿ ತಪ್ಪು ನಕ್ಷತ್ರದ ಹೆಸರು ತಿಳಿಸಿದ್ದಳು, ಪತಿ ಅದನ್ನು ಪೂರ್ತಿ ನಂಬಿದ್ದರು ಎಂಬ ಅರ್ಥದ ಸಾಲುಗಳು ಸೇರಿದವು. ಪೂರ್ತಿ ಎಂಬ ಮಾತು ಇರಲೇಬೇಕೆಂದು ಪರಿಶೀಲಕರು ಹಟ ಹಿಡಿದರು. ಅವನು ಒಂದಿಷ್ಟಾದರೂ ಸಂಶಯಪಟ್ಟಿದ್ದನೇ ಎಂದು ಲೋಹಿತ್‌ಗೆ ಪತ್ರ ಬರೆದು ಕೇಳಿದರು. ಇಲ್ಲ, ಒಂದಿಷ್ಟೂ ಇರಲಿಲ್ಲ ಎಂದು ಅವನು ಉತ್ತರ ಕೊಟ್ಟ.

ವಿಚಿತ್ರವೆಂದರೆ ಆಫೀಸಿನಲ್ಲಿ ಅವಳ ಬೆಲೆ ಏರಿತು. ತುಂಬಿದ ಸಭೆಯಲ್ಲಿ ತನ್ನ ಗ್ರಹವನ್ನೇ ಸುಳ್ಳೆಂದವಳು ಎಂದು, ಅವಳು ಹೇಳಿದ ಯಾವ ಅಂಕಿಯನ್ನೂ ಯಾರೂ ಮತ್ತೆ ಕೂಡಿಸಿ ನೋಡುತ್ತಿರಲಿಲ್ಲ. ಮನೆಯಲ್ಲೂ ಜಗಳವೇನೂ ಆಗಲಿಲ್ಲ. ಲೋಹಿತ್ ಕೂಗಾಡುವ ಗಂಡಸಲ್ಲ. ತಾನೂ ಒಂದು ಗುಟ್ಟು ಇಟ್ಟುಕೊಂಡಿದ್ದೆನಲ್ಲ, ಲೆಕ್ಕ ಸರಿಹೋಯಿತು ಎಂದು ಒಂದು ಸಲ ಅವನೇ ಹೇಳಿದ. ಲೆಕ್ಕ ಸರಿಹೋಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನದು ಕೆಲಸದ ಗುಟ್ಟು, ಅವಳ ಮೇಲೆ ಅವನಿಗೆ ಅನುಮಾನವಿರಲಿಲ್ಲ.

ಮಳೆಗಾಲ ಕಳೆಯಿತು. ಸೂರ್ಯನ ಬೆನ್ನಿನಿಂದ ಹುಣಸೆ ಈಚೆ ಬಂತು. ಒಂದು ಭಾನುವಾರ ಬೆಳಗ್ಗೆ ಸಿಂಚನಾ ಅಂಗಳದಲ್ಲಿದ್ದಾಗ ರೇಗೊ ಮೇಡಂ ಫೋನು ಮಾಡಿದರು. ದಕ್ಷಿಣದ ದೂರದರ್ಶಕದವರು ಹುಣಸೆ ನೋಡಿದ್ದಾರೆ. ಬೀಜ ಇದೆ, ಒಂದೇ ಇದೆ. ಆಮ್ಲಜನಕದ ಪಟ್ಟಿಯೂ ಇದೆ. ಸುದ್ದಿ ಆಗಲೇ ಹೊರಬಿದ್ದಿದೆ ಎಂದರು. 

ಸಿಂಚನಾ ಬರಿಗಾಲಲ್ಲೇ ಒಳಗೆ ಓಡಿದಳು. ಲೋಹಿತ್ ಕಿಟಕಿಯ ಹತ್ತಿರ ಕೂತು ಅಮ್ಮನ ರೇಡಿಯೋ ಬಿಚ್ಚಿಟ್ಟುಕೊಂಡಿದ್ದ. ಅವಳಿಗೆ ಏದುಸಿರು ಬಂದಿತ್ತು, ನಗು, ಅಳು ಎರಡೂ ಒಟ್ಟಿಗೆ ಬರುತ್ತಿದ್ದವು. "ರೀ, ಅವರಿಗೂ ಕಾಣಿಸ್ತಂತೆ. ಅಲ್ಲಿ ಆಮ್ಲಜನಕ ಇದೆಯಂತೆ ಕಣ್ರೀ, ನಿಜವಾಗ್ಲೂ ಇದೆಯಂತೆ."

ಲೋಹಿತ್ ಎದ್ದು ನಿಂತ. ಅವನ ಮುಖ ಅರಳಿತು, ಅದರಲ್ಲಿ ನಾಟಕವೇನೂ ಇರಲಿಲ್ಲ. "ಹೌದಾ ಸಿಂಚು?" ಎಂದು ಅವಳ ಕೈ ಹಿಡಿದುಕೊಂಡ. ಹಿಡಿದ ಕೈಯನ್ನು ಬಿಡದೆ, ಇನ್ನೊಂದು ಕೈಯಿಂದ ಫೋನು ತೆಗೆದುಕೊಂಡು, ಸುದ್ದಿ ನಿಜವೇ ಎಂದು ತಾನೇ ಹುಡುಕತೊಡಗಿದ. ಅವನು ಓದಿ ಮುಗಿಸುವ ತನಕ ಅವಳು ಅಲ್ಲೇ ನಿಂತಿದ್ದಳು.